ಡಬ್ಬದ ಬೀಗದ ಕೈ ಯಾರ ಹತ್ತಿರ?

ಕೊಡಗಿನ ಪೊನ್ನಂಪೇಟೆ ಹತ್ತಿರ ಕಾಫಿ ತೋಟದವರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿದ್ದ ಒಂದು ಸಭೆಯಲ್ಲಿ ಪ್ರಥಮ ಚಿಕಿತ್ಸೆಯ ಬಗ್ಗೆ ಆಡಿದ ಮಾತು ಇದು. ಅಲ್ಲಿ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು. ಹಾಗಾಗಿ ಕೆಲವು ಕಡೆ ಮಾತು ಉದ್ದವಾಗಿದೆ.

ನಮಸ್ಕಾರ. ಕುರ್ಚಿ ಸಾಲದೆ ಹಿಂದೆ ನಿಂತಿರುವವರು ಮುಂದೆ ಬಂದು ಜಮಖಾನದ ಮೇಲೆ ಕೂತುಕೊಳ್ಳಿ. ಆಮೇಲೆ ಹೇಗೂ ಎಲ್ಲರೂ ನೆಲಕ್ಕೆ ಇಳಿಯಲೇಬೇಕು.

ಮೊದಲು ಒಂದು ಪ್ರಶ್ನೆ. ಮನೆಯಲ್ಲೋ ತೋಟದಲ್ಲೋ ಫಸ್ಟ್ ಏಡ್ ಡಬ್ಬ ಇರುವವರು ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಕೈ ಕಾಣಿಸುತ್ತಿವೆ. ಈಗ, ಆ ಡಬ್ಬ ಇಟ್ಟಿರುವ ಬೀರುವಿನ ಬೀಗದ ಕೈ ಈ ಹೊತ್ತಿನಲ್ಲಿ ಎಲ್ಲಿದೆ? ನೋಡಿ, ಎರಡನೇ ಸಾಲಿನಲ್ಲಿ ಒಬ್ಬರು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. ಬೀಗದ ಕೈ ಇಲ್ಲಿ ಬಂದು ಕೂತಿದೆ. ಡಬ್ಬ ತೋಟದಲ್ಲಿದೆ. ಕತ್ತಿ ಹಿಡಿದು ಕೆಲಸ ಮಾಡುತ್ತಿರುವವರೂ ತೋಟದಲ್ಲಿದ್ದಾರೆ.

ಅವರನ್ನು ನೋಡಿ ನಗಬೇಡಿ. ಒಂದು ಕಾಲದಲ್ಲಿ ಆ ಜೇಬು ನನ್ನದಾಗಿತ್ತು.

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಪೆನ್ಷನ್ ಬಂದ ಮೇಲೆ ಊರಿಗೆ ಬಂದು ತಂದೆಯ ಪಾಲಿನ ನಾಲ್ಕು ಎಕರೆ ತೋಟ ನೋಡಿಕೊಳ್ಳತೊಡಗಿದೆ. ವರ್ಷಗಟ್ಟಲೆ ಗಾಯ ಕಟ್ಟಿದವನಲ್ವಾ, ಬಂದ ಕೂಡಲೇ ಮಾಡಿದ ಮೊದಲ ಕೆಲಸ ಒಂದು ಚಂದದ ಫಸ್ಟ್ ಏಡ್ ಡಬ್ಬ ಜೋಡಿಸಿದ್ದು. ಬಿಳಿ ಡಬ್ಬ, ಮೇಲೆ ಹಸಿರು ಪ್ಲಸ್ ಗುರುತು. ಗಾಯಕ್ಕಿಡುವ ಗಾಜ್ ಬಟ್ಟೆ, ಬ್ಯಾಂಡೇಜು, ಕತ್ತರಿ, ಎಲ್ಲಾ ಸಾಲಾಗಿ. ಯಾರಾದರೂ ಮುಟ್ಟಿ ಹಾಳು ಮಾಡಿಯಾರು ಅಂತ ಸ್ಟೋರಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬಂದ ನೆಂಟರಿಗೆಲ್ಲ ತೆಗೆದು ತೋರಿಸುತ್ತಿದ್ದೆ.

ಒಂದು ದಿನ ಗೋಣಿಕೊಪ್ಪದಲ್ಲಿ ಮದುವೆ. ನಾನೂ ಮನೆಯವಳೂ ಹೋಗಿದ್ದೆವು. ತೋಟದಲ್ಲಿ ಮೆಷಿನ್ನಿನಲ್ಲಿ ಕಳೆ ಹೊಡೆಯುತ್ತಿದ್ದರು. ಬ್ಲೇಡು ಹುಲ್ಲಿನೊಳಗಿನ ಕಲ್ಲಿಗೆ ತಾಗಿ ಮೆಷಿನ್ ಪಕ್ಕಕ್ಕೆ ಎಗರಿತು. ಪಕ್ಕದಲ್ಲಿ ಬಳ್ಳಿ ಎಳೆಯುತ್ತಿದ್ದವರ ಮೀನಖಂಡ ಸೀಳಿಹೋಯಿತು. ರಕ್ತ ಧಾರಾಕಾರ. ಡಬ್ಬ ಇದ್ದದ್ದು ನೂರು ಹೆಜ್ಜೆ ದೂರದಲ್ಲಿ. ಆದರೆ ಸಾವ್ಕಾರ್ರ ಬೀರು ಒಡೆಯೋದು ಹೇಗೆ ಅಂತ ಎಲ್ಲರಿಗೂ ಹೆದರಿಕೆ. ಕೆಲಸಗಾರರ ಲೈನ್‌ಮನೆಯಿಂದ ಕಾಫಿಪುಡಿ ತಂದು ಗಾಯದೊಳಗೆ ಒತ್ತಿದರು. ಮೇಲಿಂದ ಬೆವರಿನ ಟವಲ್ ಕಟ್ಟಿದರು. ಪಿಕಪ್ ಸಿಕ್ಕಲು ಮುಕ್ಕಾಲು ಗಂಟೆ ಹಿಡಿಯಿತು. ನಾನು ಮದುವೆ ಊಟದ ಕೈ ತೊಳೆಯದೆ ಆಸ್ಪತ್ರೆಗೆ ಓಡಿ ಹೋದಾಗ ಡಾಕ್ಟರು ಇನ್ನೂ ಗಾಯ ತೊಳೆಯುತ್ತಿದ್ದರು. "ಹೊಲಿಗೆಗಿಂತ ಈ ಪುಡಿ ಕೆರೆಯೋದೇ ಜಾಸ್ತಿ ಹೊತ್ತಾಯ್ತು. ಇದರಲ್ಲಿ ಚಿಕೋರಿ ಬೇರೆ ಇದೆ" ಅಂದರು. ಜೀವ ಉಳಿಯಿತು, ಕಾಲೂ ಉಳಿಯಿತು. ನನ್ನ ಜೇಬಿನಲ್ಲಿ ಬೀಗದ ಕೈ ಇಡೀ ಹೊತ್ತು ಗಿಲಿಗಿಲಿ ಅನ್ನುತ್ತಿತ್ತು.

ಕಾಫಿಪುಡಿ ಹಾಕಿದವರನ್ನು ಬೈಯುವ ಹಾಗಿಲ್ಲ. ಅವರ ಕೈಗೆ ಸಿಕ್ಕಿದ್ದು ಅದು. ನಮ್ಮ ಅಜ್ಜಿಯರೂ ಅದನ್ನೇ ಮಾಡುತ್ತಿದ್ದರು, ಇಲ್ಲದಿದ್ದರೆ ಅರಿಶಿನ. ಪುಡಿ ರಕ್ತವನ್ನು ಹೀರಿಕೊಂಡು ಮುದ್ದೆಯಾಗುತ್ತದೆ. ನಿಂತಿತು ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ರಕ್ತ ನಿಲ್ಲಿಸಿದ್ದು ಆ ಪುಡಿ ಒತ್ತಿ ಹಿಡಿದ ಕೈ. ಪುಡಿಯಿಂದ ಬಂದದ್ದು ಕೊಳಕು ಮಾತ್ರ. ಅದೇ ಕೈಗೆ ಒಂದು ತುಂಡು ಶುಭ್ರ ಬಟ್ಟೆ ಸಿಕ್ಕಿದ್ದರೆ ಸಾಕಿತ್ತು.

ಸೇನೆಯಲ್ಲಿ ಪ್ರತಿ ಜವಾನನ ಹತ್ತಿರವೂ ಒಂದು ಫೀಲ್ಡ್ ಡ್ರೆಸ್ಸಿಂಗ್ ಇರುತ್ತದೆ. ದಪ್ಪನೆ ಹತ್ತಿಯ ಗಾದಿ, ಅದಕ್ಕೇ ಸೇರಿಸಿ ಹೊಲಿದ ಉದ್ದ ಪಟ್ಟಿ. ಅದಕ್ಕೊಂದು ನಿಯಮ. ಪೆಟ್ಟು ತಿಂದವನಿಗೆ ಅವನದೇ ಡ್ರೆಸ್ಸಿಂಗ್ ಕಟ್ಟಬೇಕು. ನಿನ್ನದನ್ನು ತೆಗೆಯಬೇಡ, ಮುಂದಿನ ಗುಂಡು ನಿನಗೇ ಬೀಳಬಹುದು. ಇದನ್ನು ಇಪ್ಪತ್ತನೇ ವಯಸ್ಸಿಗೆ ಕಲಿತವನು ನಾನು. ಮದ್ದು ಮೈಯ ಹತ್ತಿರ ಇರಬೇಕು ಅನ್ನೋದು ಅದರ ಅರ್ಥ. ಊರಿಗೆ ಬಂದು ಸಾವ್ಕಾರ್ ಆದ ಕೂಡಲೇ ಮರೆತುಬಿಟ್ಟೆ.

ರಕ್ತ ಹರಿಯುತ್ತಿದ್ದರೆ ಮಾಡುವುದು ಇಷ್ಟು. ಶುಭ್ರ ಬಟ್ಟೆ ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಆ ಮನುಷ್ಯನನ್ನು ಮಲಗಿಸಿ. ನಿಂತಿತಾ ಅಂತ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಬೇಡಿ. ಹಾಗೆ ಮಾಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಹತ್ತು ನಿಮಿಷ ಗಡಿಯಾರ ನೋಡಿಕೊಂಡು ಒತ್ತಿ, ಅಂದಾಜಿನ ಹತ್ತು ನಿಮಿಷ ಯಾವಾಗಲೂ ಮೂರೇ ನಿಮಿಷ. ಗೂಟ, ಗಾಜು, ಕತ್ತಿಯ ತುದಿ ಏನಾದರೂ ಚುಚ್ಚಿಕೊಂಡೇ ಇದ್ದರೆ ಎಳೆಯಬೇಡಿ. ಅದರ ಎರಡೂ ಬದಿ ಒತ್ತುಕೊಟ್ಟು ಅಲುಗದ ಹಾಗೆ ಕಟ್ಟಿ ಕರೆದುಕೊಂಡು ಹೋಗಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದೆ, ಎಷ್ಟು ಒತ್ತಿದರೂ ನಿಲ್ಲುತ್ತಿಲ್ಲ ಅಂದಾಗ ಮಾತ್ರ ಗಾಯದಿಂದ ಮೂರು ನಾಲ್ಕು ಬೆರಳು ಮೇಲೆ, ಮೊಣಕಾಲು, ಮೊಣಕೈಯಂಥ ಕೀಲಿನ ಜಾಗ ಬಿಟ್ಟು, ಅಗಲ ಪಟ್ಟಿ ಬಿಗಿದು ಕಟ್ಟಬೇಕು. ಕಟ್ಟಿದ ಹೊತ್ತನ್ನು ಬರೆದಿಡಬೇಕು. ದಾರಕ್ಕೂ ವೈರಿಗೂ ಇಲ್ಲಿ ಜಾಗ ಇಲ್ಲ, ಅವು ಮಾಂಸವನ್ನೇ ಕೊಯ್ಯುತ್ತವೆ.

ಇನ್ನು ಡಬ್ಬ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಡಬ್ಬ ಬೇಡ ಅಂತ ಹೇಳುವುದಿಲ್ಲ. ಆದರೆ ಅನೇಕ ಡಬ್ಬಗಳಲ್ಲಿ ಬೆರಳಿಗೆ ಅಂಟಿಸುವ ಪ್ಲಾಸ್ಟರ್ ರಾಶಿ ಇರುತ್ತದೆ, ಕತ್ತಿ ಗಾಯಕ್ಕೆ ಬೇಕಾದ ದಪ್ಪ ಗಾಜ್ ಬಟ್ಟೆ ಎರಡೇ ಎರಡು. ನಮಗೆ ಬೇಕಾದ್ದು ಉಲ್ಟಾ. ದೊಡ್ಡ ಗಾಜ್ ಬಟ್ಟೆಯ ಪ್ಯಾಡು ಹತ್ತಾದರೂ ಇರಲಿ. ನಾಲ್ಕು ಬೆರಳಗಲದ ಸುತ್ತುಪಟ್ಟಿ ಆರು. ಮೂರು ಮೂಲೆ ಬಟ್ಟೆ ನಾಲ್ಕು. ಇದನ್ನು ದುಡ್ಡು ಕೊಟ್ಟು ತರಬೇಡಿ, ಒಂದು ಮೀಟರ್ ಚೌಕದ ಹಳೇ ಪಂಚೆ ತುಂಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡಾಗುತ್ತದೆ. ಕೈ ಮುರಿದರೆ ಜೋಳಿಗೆ, ತಲೆಗೆ ಪೆಟ್ಟಾದರೆ ಕಟ್ಟು, ಮಡಚಿದರೆ ಪಟ್ಟಿ. ಅಂಟುಪಟ್ಟಿ, ಮೊಂಡು ತುದಿಯ ಕತ್ತರಿ, ಸೇಫ್ಟಿ ಪಿನ್ನು, ಚಿಮಟ, ಕೈಗವಸು, ಟಾರ್ಚು, ಥರ್ಮಾಮೀಟರು. ಒ.ಆರ್.ಎಸ್. ಪೊಟ್ಟಣ, ಪ್ಯಾರಾಸಿಟಮಾಲ್. ಒಂದು ಲೀಟರ್ ಶುದ್ಧ ನೀರಿನ ಬಾಟಲಿ. ಒಂದು ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಪೆನ್ನು ಬೇಡ, ನಮ್ಮ ಮಳೆಗೆ ಪೆನ್ನು ಬರೆಯುವುದಿಲ್ಲ.

ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಸ್ಪಿರಿಟ್ಟು ಸುರಿಯಬೇಡಿ. ಸಣ್ಣ ಗಾಯಕ್ಕೆ ನಲ್ಲಿ ನೀರು, ಸೋಪು ಇದ್ದರೆ ಸಾಕು. ಮಿಕ್ಕಿದ ಆಂಟಿಬಯೋಟಿಕ್ ಮಾತ್ರೆ, ಯಾರದೋ ಬಿಪಿ ಮಾತ್ರೆ ಡಬ್ಬದೊಳಗೆ ಸೇರಬಾರದು. ಬೀಡಿ, ಬೆಂಕಿಪೊಟ್ಟಣ, ಕಾಳುಮೆಣಸಿನ ತೂಕದ ಚೀಟಿ ಕೂಡ. ಇದನ್ನು ನಾನು ಹೇಳುತ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು ಹೇಳಿತ್ತು. 150 ಕೆಲಸಗಾರರಿಗೆ ಒಂದಕ್ಕೆ ಕಡಿಮೆ ಇಲ್ಲದಂತೆ ಪೆಟ್ಟಿಗೆ ಇಡಬೇಕು, ನಿಗದಿ ಮಾಡಿದ್ದನ್ನು ಬಿಟ್ಟು ಬೇರೇನೂ ಅದರಲ್ಲಿ ಇರಬಾರದು ಅಂತ. ಇನ್ನೂ ಒಂದು ಮಾತು ಅದರಲ್ಲಿತ್ತು. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇರುವ ಒಬ್ಬರ ಜವಾಬ್ದಾರಿಯಲ್ಲಿ ಆ ಪೆಟ್ಟಿಗೆ ಇರಬೇಕು, ಆ ಮನುಷ್ಯ ಕೆಲಸದ ಹೊತ್ತಿನಲ್ಲೆಲ್ಲ ಕೈಗೆ ಸಿಗುವಂತಿರಬೇಕು. ಕುಶಾಲನಗರ ಕಡೆಯ ಕಾಫಿ ಬೀಜ ಹದಮಾಡುವ ದೊಡ್ಡ ಕ್ಯೂರಿಂಗ್ ಕಾರ್ಖಾನೆಗಳಂಥವಕ್ಕೆ ಬರೆದ ಮಾತು ಇದು, ನಮ್ಮ ನಾಲ್ಕೈದು ಎಕರೆಗೆ ಅಲ್ಲ. ಆದರೂ ಓದಿ ನೋಡಿ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಮದುವೆಗೆ ಹೋಗುವ ಮನುಷ್ಯನನ್ನು ನೆನೆದೇ ಯಾರೋ ಬರೆದ ಹಾಗಿದೆ.

ನಮ್ಮ ಕಡೆ ಡಬ್ಬಕ್ಕೆ ದೊಡ್ಡ ಶತ್ರು ಇಲಿ ಅಲ್ಲ, ತೇವ. ಜೂನ್‌ನಲ್ಲಿ ಶುರುವಾದ ಮಳೆ ಸೆಪ್ಟೆಂಬರಿಗೆ ಬಿಡುತ್ತದೆ. ಅಷ್ಟರಲ್ಲಿ ಬ್ಯಾಂಡೇಜಿಗೆ ಬೂಷ್ಟು, ಪ್ಲಾಸ್ಟರಿನ ಅಂಟು ಮಾಯ, ಕತ್ತರಿಗೆ ತುಕ್ಕು. ಪ್ರತಿಯೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಡಿ. ಮತ್ತೆ ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ನೋಡಿ. ಯಾವಾಗ ಅಂತ ನೆನಪಿರುವುದಿಲ್ಲ ಅನ್ನುತ್ತೀರಿ. ನಾನು ಒಂದು ದಿನ ಗೊತ್ತು ಮಾಡಿಕೊಂಡಿದ್ದೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟು, ಆಗಸ್ಟ್ 3. ಆ ದಿನ ಮದ್ದುಸೊಪ್ಪಿನ ಪಾಯಸ ತಿನ್ನದ ಮನೆ ನಮ್ಮಲ್ಲಿ ಕಡಿಮೆ. ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ಹೊಟ್ಟೆಗೆ ಮದ್ದು ಹೋದ ಮೇಲೆ ಡಬ್ಬದ ಮದ್ದು ನೋಡುವುದು. ತಾರೀಖು ಮುಗಿದದ್ದನ್ನು ಎಸೆಯುವುದು, ಬೂಷ್ಟು ಹಿಡಿದದ್ದನ್ನು ಬದಲಿಸುವುದು. ಸರಿಯಾಗಿ ಒಂದು ತಿಂಗಳಿಗೆ ಕೈಲ್‌ಪೊಳ್ದ್ ಹಬ್ಬ. ಕೋವಿ, ಕತ್ತಿ ತೊಳೆದು ಪೂಜೆಗಿಡುವ ದಿನವೇ ಏಣಿಯ ಕಾಲು, ಮೆಷಿನ್ನಿನ ಬ್ಲೇಡಿನ ಕವಚ ಕೂಡ ನೋಡಿಬಿಡಿ.

ಏಣಿ ಅಂದಕೂಡಲೇ ನನಗೆ ಮಾತು ಜಾಸ್ತಿ ಬರುತ್ತದೆ. ಹಾವಿಗೆ ನಾವು ಹೆದರುತ್ತೇವೆ, ಆನೆಗೆ ಹೆದರುತ್ತೇವೆ. ಆನೆಗೆ ಫಸ್ಟ್ ಏಡ್ ಇಲ್ಲ, ದೂರ ಇರುವುದೇ ಮದ್ದು. ಆದರೆ ಏಣಿಗೆ ಯಾರೂ ಹೆದರುವುದಿಲ್ಲ. ಮೊದಲೆಲ್ಲ ಬಿದಿರಿನ ಏಣಿ ಇತ್ತು. ಈಗ ಕಾಳುಮೆಣಸು ಕೊಯ್ಯುವುದಕ್ಕೆ ಅಲ್ಯೂಮಿನಿಯಂ ಏಣಿ. ಹಗುರ, ಉದ್ದ, ಒಬ್ಬನೇ ಹೊತ್ತು ನಡೆಯಬಹುದು. ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹೋಗುತ್ತಾರೆ, ಕಣ್ಣು ಕಾಲಡಿಯಲ್ಲಿರುತ್ತದೆ. ಮೇಲೆ 11 ಸಾವಿರ ವೋಲ್ಟಿನ ಲೈನು. ಇಂಥ ಸಾವಿನ ಸುದ್ದಿ ಮೆಣಸಿನ ಕಾಲದಲ್ಲಿ ಕೊಡಗಿನಲ್ಲಿ ಕೇಳಿಬರುತ್ತಲೇ ಇರುತ್ತದೆ. ಕೇಳಿದವರೆಲ್ಲ "ಛೆ" ಅಂದು ಮರುದಿನ ಅದೇ ಏಣಿ ಎತ್ತುತ್ತೇವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಜನರನ್ನು ಕೊಲ್ಲುತ್ತಿದೆ. ಕರೆಂಟ್ ಹೊಡೆದವರನ್ನು ಒಣ ಕೋಲಿನಿಂದ ಬಿಡಿಸಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಮನೆಯ ಕರೆಂಟಿಗೆ. ಮಿಕ್ಸಿ, ಗೀಸರ್, ಪಂಪ್‌ಸೆಟ್ಟಿನಲ್ಲಿ ಹಿಡಿದುಕೊಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ತಳ್ಳಿ. ತೋಟದ ಮೇಲಿನ ಹೈಟೆನ್ಷನ್ ಲೈನಿಗೆ ಆ ಕೋಲು ಲೆಕ್ಕಕ್ಕೇ ಇಲ್ಲ. ಒದ್ದೆ ನೆಲದಲ್ಲೂ ಕರೆಂಟ್ ಹರಿಯುತ್ತಿರುತ್ತದೆ. ಓಡಿ ಹೋಗಿ ಹಿಡಿದವನೂ ಪಕ್ಕದಲ್ಲೇ ಬೀಳುತ್ತಾನೆ. ಕಡಿಮೆ ಅಂದರೂ 20 ಮೀಟರ್ ದೂರ ನಿಂತು ಉಳಿದವರನ್ನೂ ತಡೆಯಿರಿ. ನಮ್ಮ ಕಡೆಯ ವಿದ್ಯುತ್ ಕಂಪನಿ ಚೆಸ್ಕಾಂಗೆ, 1912 ನಂಬರಿಗೆ ಫೋನ್ ಮಾಡಿ, ಲೈನ್‌ಮನ್ ನಂಬರ್ ಇದ್ದರೆ ಅವರಿಗೂ ಮಾಡಿ. ಲೈನ್ ಆಫ್ ಆಗಿದೆ ಅಂತ ಅವರ ಬಾಯಿಂದ ಕೇಳುವವರೆಗೆ ಸುಮ್ನೆ ನಿಲ್ಲಬೇಕು. ನಿಮ್ಮ ಜೊತೆಯವನು ಕಣ್ಣೆದುರಿಗೆ ಬಿದ್ದಿರುವಾಗ ಸುಮ್ನೆ ನಿಲ್ಲುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಕಲಿಸುವುದರಲ್ಲಿ ಬೇರೆ ಇಲ್ಲ. ಲೈನ್ ಆಫ್ ಆದ ಮೇಲೆ ಬಿದ್ದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಆಗ ಧೈರ್ಯವಾಗಿ ಮುಟ್ಟಿ.

ಕರೆಂಟಿಲ್ಲದೆ ಸುಮ್ನೆ ಏಣಿಯಿಂದ ಬಿದ್ದವರೂ ಇರುತ್ತಾರೆ. ನಾವು ತಕ್ಷಣ ಮಾಡುವುದು ಕಂಕುಳಿಗೆ ಕೈ ಹಾಕಿ ಕೂರಿಸುವುದು, ನೀರು ಕುಡಿಸುವುದು. ಎರಡೂ ಬೇಡ. ಬೆನ್ನುಮೂಳೆ ಮುರಿದಿದ್ದರೆ ಆ ಎಳೆತದಲ್ಲೇ ಒಳಗಿನ ನರಬಳ್ಳಿ ತುಂಡಾಗಬಹುದು. ತಲೆಯನ್ನು ಎರಡು ಕೈಯಿಂದ ಹಿಡಿದು ಅಲುಗದಂತೆ ನೋಡಿಕೊಳ್ಳಿ, ಮಾತಾಡಿಸುತ್ತಿರಿ. ಸಾಗಿಸಲೇಬೇಕಾದರೆ ಬಾಗಿಲನ್ನೋ ಹಲಗೆಯನ್ನೋ ತಂದು, ನಾಲ್ಕು ಜನ ಸೇರಿ, ತಲೆ ಹಿಡಿದವರು "ಒಂದು ಎರಡು ಮೂರು" ಅಂದಾಗ ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸಬೇಕು. ದಿಮ್ಮಿ ಉರುಳಿಸುವುದು ನಮಗೆ ಹೇಳಿಕೊಡಬೇಕಾಗಿಲ್ಲ ಬಿಡಿ.

ಬಿದ್ದವರು ಕೂಗಿದರೂ ಏಳುತ್ತಿಲ್ಲ, ಉಸಿರಾಡುತ್ತಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಮೀನಿನ ಹಾಗೆ ಬಾಯಿ ತೆರೆಯುತ್ತಾರೆ ಅಷ್ಟೇ. ಅದು ಉಸಿರಾಟ ಅಲ್ಲ. ಒಬ್ಬರು 108ಕ್ಕೆ ಫೋನ್, ಇನ್ನೊಬ್ಬರು ಎದೆ ಒತ್ತುವುದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ಮಡಚದೆ ನಿಮ್ಮ ಮೈಭಾರ ಹಾಕಿ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತವರು 30 ಒತ್ತಿಗೆ 2 ಉಸಿರು ಕೊಡಿ. ಕಲಿಯದವರು ಒತ್ತುತ್ತಲೇ ಇರಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಬದಲಾಯಿಸಿಕೊಳ್ಳಿ. ಪಕ್ಕೆಲುಬು ಮುರಿದರೆ ಅಂತ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಮುರಿಯಬಹುದು. ಎಲುಬು ಕೂಡಿಕೊಳ್ಳುತ್ತದೆ.

ಇದನ್ನು ಕೇಳಿ ಕಲಿಯಲು ಆಗುವುದಿಲ್ಲ. ಅದಕ್ಕೇ ಆ ಮೂಲೆಯಲ್ಲಿ ಬೊಂಬೆ ಇಟ್ಟಿದ್ದೇವೆ. ಅದರ ಕಥೆ ಒಂದು ನಿಮಿಷ ಹೇಳುತ್ತೇನೆ, ಯಾಕೆಂದರೆ ನನಗೆ ಇಷ್ಟ. ಎದೆ ಒತ್ತುವ ಈ ವಿಧಾನ 1960ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ನಾರ್ವೆಯಲ್ಲಿ ಆಟದ ಬೊಂಬೆ ಮಾಡುತ್ತಿದ್ದ ಓಸ್ಮುಂಡ್ ಲೇರ್ಡಾಲ್ ಅನ್ನುವವರು ಕಲಿಸುವುದಕ್ಕೆ ಬೇಕಾದ ಬೊಂಬೆ ತಯಾರಿಸಿದರು. ಅದಕ್ಕೆ ಕೊಟ್ಟದ್ದು ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಮುಳುಗಿ ಸತ್ತಳು ಅಂತ ಹೇಳುವ, ಹೆಸರೇ ಗೊತ್ತಿಲ್ಲದ ಒಬ್ಬ ಹುಡುಗಿಯ ಮುಖದ ಅಚ್ಚನ್ನು. ಅವಳನ್ನು ಯಾರೂ ಉಳಿಸಲಿಲ್ಲ. ಅವಳ ಮುಖದ ಮೇಲೆ ಲೋಕವೆಲ್ಲ ಉಸಿರು ಕೊಡುವುದನ್ನು ಕಲಿಯಿತು.

ಹಾವಿನ ಬಗ್ಗೆ ಎಲ್ಲರಿಗೂ ಒಂದೊಂದು ಗೊತ್ತು, ಅದೇ ತೊಂದರೆ. ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ, ಐಸ್ ಇಡಬೇಡಿ. ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಕಡಿಸಿಕೊಂಡ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವ ಹಾಗೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ನಡೆದಷ್ಟೂ ಸ್ನಾಯು ಹಿಂಡಿ ವಿಷ ಮೇಲೇರುತ್ತದೆ. ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ. ಕೆಳಗೆ ನಿಂತ ವಿಷ ಒಮ್ಮೆಲೇ ಮೇಲೆ ನುಗ್ಗಬಹುದು. ಡಾಕ್ಟರ ಎದುರಿಗೆ ಬಿಚ್ಚಿಸಿ.

ಹಾವು ಹಿಡಿದು ತಂದರೆ ಮದ್ದು ಸುಲಭ ಅಂತ ನಂಬಿ ಎರಡನೆಯವರು ಕಡಿಸಿಕೊಂಡದ್ದನ್ನು ನೋಡಿದ್ದೇನೆ. ನಮ್ಮ ಆಸ್ಪತ್ರೆಗಳಲ್ಲಿ ಇರುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಸೇರಿಸಿಯೇ ತಯಾರಾದದ್ದು. ಹಾವಿಗೊಂದು ಇಂಜೆಕ್ಷನ್ ಬೇರೆ ಬೇರೆ ಇಲ್ಲ. ಡಾಕ್ಟರು ಮೈ ನೋಡಿ ಚಿಕಿತ್ಸೆ ಕೊಡುತ್ತಾರೆ. ಒಂದು ಚೂರು ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದಾ ನೋಡುತ್ತಾರೆ. ನಮ್ಮ ತೋಟದ ಗುಳಿಮಂಡಲ, ಕಾಫಿ ಗಿಡದ ಕೊಂಬೆಯಲ್ಲಿ ಎಲೆಯ ಹಾಗೇ ಕೂತಿರುತ್ತದಲ್ಲ, ಅದರ ವಿಷಕ್ಕೆ ಈ ಮದ್ದು ತಾಗುವುದಿಲ್ಲ. ಹಾಗಂತ ಮನೆಯಲ್ಲೇ ಕೂರುವ ಹಾಗಿಲ್ಲ. ಊತ, ರಕ್ತಸ್ರಾವ, ಕಿಡ್ನಿ ಎಲ್ಲವನ್ನೂ ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ಮತ್ತೆ ಲೈನ್‌ಮನೆಯಲ್ಲಿ ನೆಲದ ಮೇಲೆ ಮಲಗುವವರಿಗೆ ಒಂದು ಮಾತು. ಕಟ್ಟುಹಾವು ರಾತ್ರಿ ಕಡಿಯುತ್ತದೆ, ನೋವೇ ಇರದಿರಬಹುದು. ಬೆಳಗ್ಗೆ ಹೊಟ್ಟೆನೋವು, ಕಣ್ಣಿನ ರೆಪ್ಪೆ ಎತ್ತಲಾಗದು, ಮಾತು ತೊದಲು ಅಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಬೇಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸುಟ್ಟರೆ ಹರಿಯುವ ತಣ್ಣೀರು, 20 ನಿಮಿಷ. ನಮ್ಮ ಬೆಟ್ಟದ ನೀರಿಗಿಂತ ಒಳ್ಳೆ ಮುಲಾಮು ಇಲ್ಲ. ಟೂತ್‌ಪೇಸ್ಟು, ಮೊಟ್ಟೆ, ಇಂಕು, ಮತ್ತೆ ಅದೇ ಕಾಫಿಪುಡಿ, ಯಾವುದೂ ಬೇಡ. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಕಣ್ಣಿಗೆ ಹಾರಿದರೆ ಆ ಕ್ಷಣದಿಂದಲೇ ನೀರು ಸುರಿಯಲು ಶುರು ಮಾಡಿ, 20 ನಿಮಿಷ ಆದ ಮೇಲೆ ಆಸ್ಪತ್ರೆಗೆ ಹೊರಡಿ. ಕಳೆನಾಶಕ, ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೆ ತನ್ನಿ, ಅದರ ಲೇಬಲ್ಲಿನಲ್ಲೇ ಡಾಕ್ಟರಿಗೆ ಬೇಕಾದ್ದು ಇರುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. (ಬೀಗದ ಕೈ ಇಲ್ಲೂ ಬಂತು ನೋಡಿ.) ಸುತ್ತಲಿನ ಕಲ್ಲು, ಕತ್ತಿ ಸರಿಸಿ, ಫಿಟ್ಸ್ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ, ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ನಾಲಿಗೆ ಊದಿದರೆ ಒಂದು ನಿಮಿಷವೂ ಕಾಯಬೇಡಿ. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ. ಸಾಕಿದ ನಾಯಿ ಆದರೂ ಸರಿ. ಜಿಗಣೆಗೆ ಡಬ್ಬ ತೆಗೆಯಬೇಡಿ, ಮಾನ ಹೋಗುತ್ತದೆ.

ಕಡಂಬುಟ್ಟು, ಅದೇ ನಮ್ಮ ಅಕ್ಕಿ ಉಂಡೆ, ಗಂಟಲಿಗೆ ಸಿಕ್ಕಿಕೊಂಡರೆ? ನಗುತ್ತೀರಿ, ಆದರೆ ಮದುವೆಮನೆಯಲ್ಲಿ ಆಗುವಂಥದ್ದೇ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲಿ. ಸದ್ದೇ ಬರುತ್ತಿಲ್ಲ ಅಂದರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈಯಿಂದ ಐದು ಏಟು. ಆಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು. ಅದನ್ನು ಬೊಂಬೆಯ ಮೇಲೆ ತೋರಿಸುತ್ತೇನೆ.

ಫೋನಿನ ವಿಷಯ. 108 ಎಲ್ಲರಿಗೂ ಗೊತ್ತು. ಆದರೆ ಫೋನ್ ಎತ್ತಿದವರು "ಎಲ್ಲಿ?" ಅಂದಾಗ ಏನು ಹೇಳುತ್ತೀರಿ? ನಮ್ಮ ತೋಟಕ್ಕೆ ಮನೆ ನಂಬರೂ ಇಲ್ಲ, ಬೀದಿ ಹೆಸರೂ ಇಲ್ಲ. ನನ್ನ ತೋಟದಲ್ಲಿ ಕೆಲಸಕ್ಕಿರುವ ಇಬ್ಬರು ಅಸ್ಸಾಮಿನವರು, ಊರಿನ ಹೆಸರು ಹೇಳುವುದೇ ಅವರಿಗೆ ಕಷ್ಟ. ಹಾಗಾಗಿ ಡಬ್ಬದ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ತೋಟದ ಹೆಸರು, ಗ್ರಾಮ, ಯಾವ ಬಸ್‌ಸ್ಟಾಪಿನಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ದೂರ, ಗೇಟಿನ ಬಣ್ಣ. ಜೀಪಿರುವ ಇಬ್ಬರು ನೆರೆಯವರ ನಂಬರು. ಕನ್ನಡದಲ್ಲಿ, ಹಿಂದಿಯಲ್ಲಿ, ಅಸ್ಸಾಮಿ ಲಿಪಿಯಲ್ಲಿ ಅವರಿಂದಲೇ ಬರೆಸಿದ್ದು. ತೋಟದಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅನ್ನೋದೂ ಅದರಲ್ಲಿದೆ. ಒಬ್ಬರು ಗೇಟಿಗೆ ಹೋಗಿ ನಿಲ್ಲಬೇಕು, ಆಂಬುಲೆನ್ಸ್ ದಾರಿ ತಪ್ಪುವುದು ಕೊನೆಯ ಅರ್ಧ ಕಿಲೋಮೀಟರಿನಲ್ಲೇ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ದೊಡ್ಡ ಪೆಟ್ಟಾದರೆ ಈಗಲೂ ಎಷ್ಟೋ ಸಲ ಅಲ್ಲಿಗೋ ಮಂಗಳೂರಿಗೋ ಓಡಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದು ಮಂಗಳೂರು ರಸ್ತೆ ಮುಚ್ಚಿಹೋದದ್ದನ್ನು ನೀವು ಮರೆತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಆಸ್ಪತ್ರೆ ಇರುವುದು ನಕ್ಷೆಯ ಮೇಲೆ ಮಾತ್ರ. ಪಕ್ಕದಲ್ಲಿ ನಿಂತವರೇ ಎಲ್ಲಾ.

ಹಾಗಾದರೆ ತರಬೇತಿ ಯಾರಿಗೆ? ಸಂಘಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಮಾಲೀಕರು, ಮ್ಯಾನೇಜರ್ ಬಂದು ಕೂರುತ್ತಾರೆ, ಸರ್ಟಿಫಿಕೇಟ್ ಆಫೀಸಿನ ಗೋಡೆಗೆ ಹೋಗುತ್ತದೆ. ನನ್ನ ಪ್ರಕಾರ ಮೊದಲು ಕಲಿಯಬೇಕಾದವರು ಮೇಸ್ತ್ರಿ, ಪಿಕಪ್ ಡ್ರೈವರ್, ಲೈನ್‌ಮನೆಯ ಒಬ್ಬ ಹೆಂಗಸು. ಮನೆಯಲ್ಲಾದರೆ ಅಡುಗೆ ಮಾಡುವವರು ಮತ್ತೆ ಹೈಸ್ಕೂಲಿಗೆ ಹೋಗುವ ಮಗು. ಇದು ಹೊಸ ಮಾತಲ್ಲ. 1878ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಸೇನೆಯ ಡಾಕ್ಟರ್ ಪೀಟರ್ ಶೆಪರ್ಡ್ ಮತ್ತು ಕರ್ನಲ್ ಫ್ರಾನ್ಸಿಸ್ ಡಂಕನ್ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಪರವಾಗಿ ಮೊದಲ ತರಗತಿ ನಡೆಸಿದಾಗ ಕಲಿಸಿದ್ದು ಡಾಕ್ಟರಲ್ಲದ ಜನಸಾಮಾನ್ಯರಿಗೇ. ಮುಂದಿನ ಜನವರಿಯಲ್ಲೇ ಶೆಪರ್ಡ್ ದಕ್ಷಿಣ ಆಫ್ರಿಕಾದ ಇಸಾಂಡ್ಲ್‌ವಾನಾ ಕದನದಲ್ಲಿ ಸತ್ತರು. ಅವರು ಬರೆದಿಟ್ಟ ಪಾಠ ಆಮೇಲೆ ಪುಸ್ತಕವಾಗಿ ಬಂತು. ಸೇಂಟ್ ಜಾನ್, ರೆಡ್ ಕ್ರಾಸ್ ಎರಡೂ ನಮ್ಮ ದೇಶದಲ್ಲಿ ಈಗಲೂ ತರಬೇತಿ ಕೊಡುತ್ತವೆ. ಒಮ್ಮೆ ಕಲಿತರೆ ಸಾಲದು, ಎದೆ ಒತ್ತುವುದನ್ನು ಆರು ತಿಂಗಳಲ್ಲಿ ಕೈ ಮರೆಯುತ್ತದೆ. ತೋಟದಲ್ಲಿ ಕೂಲಿ ಕೊಡುವ ದಿನ ಹತ್ತು ನಿಮಿಷ ತಲೆದಿಂಬಿನ ಮೇಲೆ ಒತ್ತಿಸಿ ನೋಡಿ. ನಗುತ್ತಾ ಕಲಿಯುತ್ತಾರೆ.

ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಪೊಲೀಸ್ ಕೇಸು ಸುತ್ತಿಕೊಳ್ಳುತ್ತದೆ ಅಂತ ಈಗಲೂ ಹೆದರುವವರಿದ್ದಾರೆ. ಕರ್ನಾಟಕ 2016ರಲ್ಲೇ ಇದಕ್ಕೊಂದು ಮಸೂದೆ ಪಾಸು ಮಾಡಿತು, 2018ರಲ್ಲಿ ಅದು ಕಾನೂನಾಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಮು ಸೇರಿತು. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ.

ನನ್ನ ಡಬ್ಬ ಈಗ ಕಣದ ಪಕ್ಕದ ಶೆಡ್ಡಿನಲ್ಲಿ, ಎದೆಮಟ್ಟದಲ್ಲಿ, ಮೊಳೆಗೆ ನೇತಾಡುತ್ತಿದೆ. ಬೀಗ ಇಲ್ಲ. ಎರಡು ಕತ್ತರಿ, ಒಂದು ಟಾರ್ಚು ಕಳೆದುಹೋಗಿವೆ. ಹೋಗಲಿ. ಅದರ ಉಸ್ತುವಾರಿ ಆ ದಿನ ಕಾಲು ಸೀಳಿಸಿಕೊಂಡವರದ್ದೇ. ಇವತ್ತು ನನ್ನ ಜೊತೆ ಬಂದು ಹಿಂದೆ ಕಂಬಕ್ಕೆ ಒರಗಿ ಕೂತಿದ್ದಾರೆ. ಕೇಳಿದರೆ ಕಾಲು ತೋರಿಸುತ್ತಾರೆ. ಹೊಲಿಗೆಯ ಕಲೆಯೊಳಗೆ ಎರಡು ಕಪ್ಪು ಚುಕ್ಕೆ ಈಗಲೂ ಇವೆ, ಡಾಕ್ಟರ ಕೈಗೆ ಸಿಗದೆ ಉಳಿದ ಕಾಫಿಪುಡಿ. ಮುಂದಿನ ಪಾಠಕ್ಕೆ ರೋಗಿಯಾಗಿ ಮಲಗುವವರೂ ಅವರೇ, ಕಟ್ಟು ಸಡಿಲ ಆದರೆ ಬೈಯುವವರೂ ಅವರೇ.

ಈಗ ಹೊರಗೆ ಕಾಫಿ ಇಟ್ಟಿದ್ದಾರೆ, ಕುಡಿದು ಬನ್ನಿ. ಅಷ್ಟರಲ್ಲಿ ಬೊಂಬೆ ನಡುವಿಗೆ ತಂದಿರುತ್ತೇವೆ. ಎರಡನೇ ಸಾಲಿನ ಸಾವ್ಕಾರ್ರೇ, ನೀವು ಮೊದಲು ತೋಟಕ್ಕೊಂದು ಫೋನ್ ಮಾಡಿ, ಬೀಗ ಒಡೆಯಲು ಹೇಳಿ ಬನ್ನಿ.